ಬಿಳಿ ಕಾರಿಗೆ ಫಿಲ್ಮ್ ಹಾಕಿದವನು

ಅವನು ತೀರಿಕೊಂಡ ದಿನ ಶವವನ್ನು ಬಾಡಿಗೆಗೆ ತಂದ ಗಾಜಿನ ತಣ್ಣನೆಯ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮಂಗಳೂರಿನಲ್ಲಿದ್ದ ಮಗಳು ಬರುವ ತನಕ ಇಡಬೇಕಿತ್ತು. ಪೆಟ್ಟಿಗೆಯ ಗಾಜಿನ ಮೇಲೆ ಬಾಡಿಗೆ ಕೊಡುವವರ ಹೆಸರಿನ ದೊಡ್ಡದೊಂದು ಸ್ಟಿಕ್ಕರ್, ಅದರ ನಟ್ಟನಡುವೆ ಕಡಲೆಕಾಳಿನಷ್ಟು ದಪ್ಪದ ಗಾಳಿಗುಳ್ಳೆ. ಬಂದವರೆಲ್ಲ ಮುಖ ನೋಡಿ, ಕೈಮುಗಿದು, ಬದಿಗೆ ಸರಿಯುತ್ತಿದ್ದರು. ನನಗೆ ಮಾತ್ರ ಆ ಗುಳ್ಳೆಯಿಂದ ಕಣ್ಣು ಕೀಳಲಾಗಲಿಲ್ಲ. ಕೊನೆಗೆ ತಡೆಯಲಾರದೆ ಹೆಬ್ಬೆರಳಿನಿಂದ ಒತ್ತಿ, ಅಂಚಿನ ತನಕ ತಳ್ಳಿಕೊಂಡು ಹೋಗಿ ಗಾಳಿ ಹೊರಹಾಕಿದೆ. ಪಕ್ಕದಲ್ಲಿದ್ದವರು ನಾನು ಗಾಜು ಸವರಿ ಅಳುತ್ತಿದ್ದೇನೆಂದು ತಿಳಿದು ಹೆಗಲು ಹಿಡಿದು ಹೊರಗೆ ಕರೆದುಕೊಂಡು ಹೋದರು. ನಿಜ ಹೇಳಬೇಕೆಂದರೆ ಆಗ ನನಗೆ ಅಳು ಬಂದಿರಲಿಲ್ಲ. ಆ ಗುಳ್ಳೆಯನ್ನು ಅವನು ನೋಡಿದ್ದರೆ ಎದ್ದು ಕೂತು ಬಯ್ಯುತ್ತಿದ್ದ ಎನ್ನುವುದಷ್ಟೇ ತಲೆಯಲ್ಲಿತ್ತು.

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಮನೆಯವರು ನನ್ನನ್ನು ಬಿಡಲಿಕ್ಕಿಲ್ಲ, ಏಕೆಂದರೆ ನಾನು ಹೇಳುವುದರಲ್ಲಿ ಹೊಗಳಿಕೆ ಕಡಿಮೆ. ಕಾರವಾರದ ಬಸ್‌ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಮ್ಮಿಬ್ಬರ ಅಂಗಡಿ ಇತ್ತು. ಒಂದೇ ಷಟರು, ಒಳಗೆ ಎರಡು ದಂಧೆ. ಎಡಗಡೆ ನಾನು ಕಾರು, ರಿಕ್ಷಾಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದೆ. ಬಲಗಡೆ ಅವನು ಗಾಜಿಗೆ ಕಪ್ಪು ಫಿಲ್ಮ್, ನಂಬರ್ ಪ್ಲೇಟು, ಬೋಟುಗಳ ಹೆಸರು ಇತ್ಯಾದಿ ಅಂಟಿಸುವ ಕೆಲಸ ಮಾಡುತ್ತಿದ್ದ. ಮಾಡುತ್ತಿದ್ದ ಎಂದರೆ, ಮುಖ ಸಿಂಡರಿಸಿಕೊಂಡು ಮಾಡುತ್ತಿದ್ದ. ಅದಕ್ಕಾಗಿ ತಾನು ಹುಟ್ಟಿದವನಲ್ಲ ಎಂದು ಅವನಿಗೆ ಖಾತ್ರಿಯಿತ್ತು, ಗಿರಾಕಿಗಳಿಗೂ ಅದನ್ನು ಖಾತ್ರಿ ಮಾಡಿಕೊಡುತ್ತಿದ್ದ.

ಅವನು ಮಸ್ಕತ್ತಿನಲ್ಲಿ ಕೆಲವು ವರ್ಷ ಇದ್ದು ಬಂದವನು. ಅಲ್ಲಿ ಶ್ರೀಮಂತರ ಕಾರುಗಳಿಗೆ ಬಣ್ಣ ಕೆಡದ ಹಾಗೆ ಮೈಮೇಲೆಲ್ಲ ಪಾರದರ್ಶಕ ಫಿಲ್ಮ್ ಹೊದಿಸುವ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತಿದ್ದ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪವೇ ಕಾಲವಾಗಿತ್ತು, ಆಗ ನಮ್ಮ ಕಡೆ ಈ ಸಂಗತಿಯನ್ನು ಯಾರೂ ಕೇಳಿಯೇ ಇರಲಿಲ್ಲ. ಕಾರಿನ ಗಾಜಿಗೆ ಫಿಲ್ಮ್ ಗೊತ್ತು, ಬಣ್ಣಕ್ಕೆ ಎಂತಕ್ಕೆ? ಯಾರಾದರೂ ಹಾಗೆ ಕೇಳಿದರೆ ಅವನು ಉತ್ತರ ಕೊಡುತ್ತಿರಲಿಲ್ಲ. ರಸ್ತೆಯ ಕಡೆ ಕೈ ತೋರಿಸುತ್ತಿದ್ದ. ಆ ವರ್ಷಗಳಲ್ಲಿ ಹೈವೇ ತುಂಬ ಅದಿರಿನ ಲಾರಿಗಳು. ಘಟ್ಟ ಇಳಿದು ಬಂದರಿಗೆ ಹೋಗುವ ಲಾರಿಗಳ ಹಿಂದೆ ಸಿಕ್ಕಿಬಿದ್ದವನ ಕಾರಿಗೆ ಚಕ್ರದಿಂದ ಸಿಡಿದ ಕಲ್ಲು ಬಡಿಯುತ್ತಿತ್ತು. ಅಂಕೋಲೆಯ ಪೇಟೆಯಲ್ಲಿ ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು.

"ಮಸ್ಕತಾಗೆ ಮರಳು. ಇಲ್ಲಿ ಅದಿರು. ಎರಡೂ ಒಂದೇ, ಕಾರಿನ ಚರ್ಮ ಸುಲೀತದೆ" ಎನ್ನುತ್ತಿದ್ದ.

ಅವನ ಮಾತುಗಳಲ್ಲಿ ಮುಕ್ಕಾಲು ಪಾಲು 'ಮಸ್ಕತಾಗೆ' ಎಂದೇ ಶುರುವಾಗುತ್ತಿದ್ದವು. ಚಹಾ ಚೆನ್ನಾಗಿಲ್ಲದಿದ್ದರೂ ಮಸ್ಕತ್, ಮಳೆ ಬಂದರೂ ಮಸ್ಕತ್. ಎದುರಿನ ಚಹಾದಂಗಡಿಯವ ಒಮ್ಮೆ, "ನೀನು ಅಲ್ಲೇ ಇರೂಕಾಗಿತ್ತಲ್ಲ ಮಾರಾಯಾ, ಇಲ್ಲಿ ಎಂತಕ್ಕೆ ಬಂದೆ?" ಎಂದು ಕೇಳಿಬಿಟ್ಟ. ಇವನು ವಾರಗಟ್ಟಲೆ ಅಲ್ಲಿ ಚಹಾ ಕುಡಿಯಲಿಲ್ಲ. ನಾನೇ ಎರಡು ಗ್ಲಾಸು ತಂದು ಒಂದನ್ನು ಅವನ ಮುಂದೆ ಇಡುತ್ತಿದ್ದೆ. ಬೇರೆ ಅಂಗಡಿಯದ್ದು ಎಂದುಕೊಂಡು ಕುಡಿಯುತ್ತಿದ್ದ, ಅಥವಾ ಹಾಗೆ ನಟಿಸುತ್ತಿದ್ದ.

ನುಣುಪಾದ ಏನನ್ನು ಕಂಡರೂ ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡುವುದು ಅವನ ಚಟ. ಬೆರಳಿನ ತುದಿ ಕೆಲಸ ಮಾಡಿ ಮಾಡಿ ದಡ್ಡಾಗಿರುತ್ತದಂತೆ, ಹಿಂಭಾಗದ ಚರ್ಮ ಸುಳ್ಳು ಹೇಳುವುದಿಲ್ಲವಂತೆ. ಅವನ ಮೈಯಿಂದ ಸದಾ ಮಕ್ಕಳ ಶಾಂಪೂವಿನ ವಾಸನೆ. ಫಿಲ್ಮ್ ಕೂರಿಸುವಾಗ ಆ ಶಾಂಪೂ ಬೆರೆಸಿದ ನೀರು ಚಿಮುಕಿಸಿದರೆ ಅದು ಜಾರಾಡಿ ಜಾಗಕ್ಕೆ ಬರುತ್ತದೆ. ಬಾಣಂತಿಯ ಮನೆಯಿಂದ ಎದ್ದು ಬಂದವನ ಹಾಗೆ ಇದ್ದೀಯ ಎಂದು ನಾನು ಗೇಲಿ ಮಾಡುತ್ತಿದ್ದೆ.

ಒಂದು ವಿಚಿತ್ರವಿತ್ತು. ಹೊಸ ಕಾರಿನ ಸೀಟಿಗೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ವರ್ಷಗಟ್ಟಲೆ ಅದರ ಮೇಲೇ ಬೆವರುತ್ತ ಕೂರುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಗಿರಾಕಿಯ ಅಪ್ಪಣೆಯನ್ನೂ ಕೇಳದೆ ಪರಪರ ಹರಿದು ಹಾಕಿಬಿಡುತ್ತಿದ್ದ. ಕಾಪಾಡುವ ಕೆಲಸದವನೇ ಹೀಗೆ ಮಾಡಿದರೆ ಹೇಗೆ ಎಂದರೆ, "ಅದು ಕಾಪಾಡೂದಲ್ಲ, ಹೆದ್ರಿಕೊಳ್ಳೂದು. ಕಾಪಾಡೂದು ಕಣ್ಣಿಗೆ ಕಾಣ್ಸೂಕಾಗ. ಫಿಲ್ಮ್ ಕಂಡ್ತು ಅಂದ್ರೆ ಕೆಲ್ಸ ಕೆಟ್ತು" ಎಂದ. ಕಂಡ್ರೆ ಕೆಟ್ತು. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದಾನೋ. ನನ್ನ ಹೊಲಿಗೆಗೂ ಅದನ್ನೇ ಅನ್ವಯಿಸಿ, ದಾರ ಕಾಣುತ್ತದೆಂದು ಅಡ್ಡ ಮಾತಾಡುತ್ತಿದ್ದ.

ಅಂಗಡಿಯ ಮೂಲೆಯಲ್ಲಿ ಒಂದು ದಪ್ಪ ಪಿ.ವಿ.ಸಿ. ಪೈಪು ನಿಂತಿರುತ್ತಿತ್ತು. ಅದರೊಳಗೆ ಅವನು ಮಸ್ಕತ್ತಿನಿಂದ ಬರುವಾಗ ಕಂಬಳಿಯಲ್ಲಿ ಸುತ್ತಿಕೊಂಡು ತಂದ ಫಿಲ್ಮಿನ ಒಂದೇ ಒಂದು ರೋಲು. ಅದಕ್ಕೆ ಯಾರೂ ಒರಗುವ ಹಾಗಿಲ್ಲ, ಅದರ ಹತ್ತಿರ ಊದುಬತ್ತಿ ಹಚ್ಚುವ ಹಾಗಿಲ್ಲ. ಅಂಬಾಸಿಡರ್, ವ್ಯಾನು, ಜೀಪುಗಳವರು ಬಂದು ಕೇಳಿದರೂ ಅವನು ಆ ರೋಲನ್ನು ಮುಟ್ಟಲಿಲ್ಲ. ಅದು ಸ್ಪೋರ್ಟ್ಸ್ ಕಾರಿಗೆ. ಕಾರವಾರದಲ್ಲಿ ಸ್ಪೋರ್ಟ್ಸ್ ಕಾರು ಎಲ್ಲಿಂದ ಬರಬೇಕು? ಬರ್ತದೆ ಎನ್ನುತ್ತಿದ್ದ. ಒಂದು ಕಾರಿಗೆ ಹಾಕಿ ಊರಿಗೆ ತೋರಿಸಿದರೆ ಸಾಕು, ಗೋವಾದಿಂದ ಹೊನ್ನಾವರದ ತನಕ ಗಿರಾಕಿಗಳು ಸಾಲು ನಿಲ್ಲುತ್ತಾರೆ, ಆಮೇಲೆ ನಂಬರ್ ಪ್ಲೇಟಿನ ಕತ್ತರಿ ಮುಟ್ಟುವುದಿಲ್ಲ ಎನ್ನುವುದು ಅವನ ಲೆಕ್ಕಾಚಾರ. ಆದರೆ ರೋಲು ಹಳೆಯದಾದಷ್ಟೂ ಅಂಟು ಸಾಯುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ತುದಿಯಿಂದ ಬೆರಳಗಲದ ಚೂರು ಕತ್ತರಿಸಿ, ನನ್ನ ಹೊಲಿಗೆ ಯಂತ್ರದ ಮೈಗೆ ಅಂಟಿಸಿ, ಎಳೆದು ನೋಡಿ, ಇನ್ನೂ ಜೀವ ಇದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಆ ಹೊತ್ತಿನ ಅವನ ಮುಖ ನೋಡಿದರೆ ನನಗೆ ಗೇಲಿ ಮಾಡುವ ಮನಸ್ಸಾಗುತ್ತಿರಲಿಲ್ಲ.

ಕಾರು ಬಂದೇ ಬಂತು. ಅಂಕೋಲಾ ಕಡೆಯ ಸಮುದ್ರದಂಡೆಯ ಬೋಟಿನ ಮಾಲಕರೊಬ್ಬರು ಗೋವಾದಲ್ಲಿ ಯಾರೋ ಮಾರಿದ್ದನ್ನು ಕೊಂಡು ತಂದರು. ಎರಡೇ ಸೀಟಿನ, ಹಾಲಿನಷ್ಟು ಬಿಳಿಯ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತಿದ್ದ ವಿದೇಶಿ ಕಾರು. ನಲವತ್ತು ದಾಟಿದ ಆ ಮನುಷ್ಯ ಹುಡುಗನಾಗಿದ್ದಾಗಿನಿಂದ ಸಮುದ್ರಕ್ಕೆ ಹೋದವರು. ಇದೆಂಥ ಹುಚ್ಚು ಎಂದು ಕೇಳಿದವರಿಗೆ, "ಜಲ್ಮ ಪೂರ್ತಿ ಬೋಟಿನ ನಡಿಗೆ ನೋಡ್ದೆ. ಒಂದ್ಸಲ ಓಡ್ಸಿ ನೋಡ್ಬೇಕು ಅಂತ ಅನ್ಸ್ತು" ಎಂದು ನಗುತ್ತಿದ್ದರು. ಅವರ ತಾಯಿಯನ್ನು ಕೇರಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದರು. ಅಂಕೋಲಾ ಮಾರ್ಕೆಟ್ಟಿನಲ್ಲಿ ಬಹಳ ವರ್ಷ ಮೀನು ಮಾರಿದ ಹೆಂಗಸು. ಗಂಡ ಸಮುದ್ರದಲ್ಲಿ ಹೋದ ಮೇಲೆ ಮಗನನ್ನೂ ಬೋಟನ್ನೂ ಎತ್ತಿ ನಿಲ್ಲಿಸಿದವಳು. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡೇ ಮಾಲಕರು ನಮ್ಮ ಅಂಗಡಿಗೆ ಬಂದರು. ಆಯಿಗೆ ಅದರಿಂದ ಇಳಿಯುವುದೇ ಆಗಲಿಲ್ಲ, ನಾನು ಕೈ ಕೊಟ್ಟು ಎಬ್ಬಿಸಿದೆ.

"ಇದ್ರಾಗೆ ಕೂತ್ರೆ ರಸ್ತೆ ಮೇಲೇ ಕೂತಂಗೆ ಆಗ್ತದೆ. ಮೀನ್ ಬುಟ್ಟಿ ಎಲ್ಲಿ ಇಡೂದು ಹೇಳು ನೋಡ್ವಾ?" ಎಂದಳು.

ಇವನಿಗೆ ಅದೊಂದೂ ಕೇಳಿಸಲಿಲ್ಲ. ಕಾರಿನ ಸುತ್ತ ಬೆರಳಿನ ಹಿಂಭಾಗ ಆಡಿಸುತ್ತ ತಿರುಗುತ್ತಿದ್ದ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗಲೂ ಅವನು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ನೋಡಿಲ್ಲ.

ಮಾಲಕರು ಸುಲಭದ ಆಸಾಮಿಯಲ್ಲ. ಬಲೆ ಕೊಳ್ಳುವಾಗ ಗಂಟು ಗಂಟನ್ನೂ ಎಳೆದು ನೋಡುವ ಜನ. ಅವರು ಆಗಲೇ ಪಣಜಿಯಿಂದ ಒಂದು ತುಂಡು, ಹುಬ್ಬಳ್ಳಿಯಿಂದ ಒಂದು ತುಂಡು ಫಿಲ್ಮ್ ತರಿಸಿದ್ದರು. ಒಂದು ತೆಳ್ಳಗೆ, ಹೊಳೆಯುವಂಥದ್ದು. ಇನ್ನೊಂದು ಊಟದ ಮೇಜಿಗೆ ಹಾಸುವ ಹಾಳೆಯಷ್ಟು ದಪ್ಪ. "ನಿಂದೇ ಚಲೋ ಅಂತ ನಾ ಹೆಂಗೆ ನಂಬೂದು?" ಎಂದು ನೇರ ಕೇಳಿದರು. ಇವನು ಕೆಂಪಾದ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಕಾರವಾರ–ಅಂಕೋಲಾ ನಡುವೆ ದಿನವಿಡೀ ಓಡುವ, ಆಗಷ್ಟೇ ಹೊಸ ಬಣ್ಣ ಹೊಡೆಸಿದ್ದ ಒಂದು ಬಿಳಿ ಟೆಂಪೋ ಇತ್ತು, ಅದಿರಿನ ಲಾರಿಗಳ ಬಾಲ ಹಿಡಿದೇ ಅದರ ಬದುಕು. ಮೂರೂ ತುಂಡುಗಳನ್ನು ಅದರ ಮೂತಿಗೆ ಸಾಲಾಗಿ ಅಂಟಿಸುವುದು, ತಿಂಗಳು ಬಿಟ್ಟು ನೋಡುವುದು. ಟೆಂಪೋದ ಡ್ರೈವರ್ ಇದ್ಯಾವ ಮದ್ದಿನ ಪಟ್ಟಿ ಎಂದು ಗೊಣಗಿದರೂ ಒಪ್ಪಿದ.

ತಿಂಗಳಾದ ಮೇಲೆ ಎಲ್ಲರೂ ಸೇರಿ ನೋಡಿದೆವು. ತೆಳ್ಳಗಿನದ್ದು ಹರಿದು ಜೋಲುತ್ತಿತ್ತು. ದಪ್ಪದ್ದು ಹಳದಿಗಟ್ಟಿ, ಅಂಚಿನಲ್ಲೆಲ್ಲ ಕೆಂಪು ಧೂಳು ಹೊಕ್ಕಿತ್ತು. ಇವನದ್ದು ಹಾಗೇ ಇತ್ತು. ಇವನು ಎದೆಯುಬ್ಬಿಸಿ ಮಾಲಕರ ಮುಖ ನೋಡುತ್ತಿದ್ದಾಗ ಡ್ರೈವರ್ ಬೀಡಿ ತೆಗೆದು, "ಅದು ಎಡಮೂಲೇಲಿ ಅದೆ. ಕಲ್ಲು ಬೀಳೂದು ಬಲಕ್ಕೆ. ಇವ್ನು ಅಂಟ್ಸುವಾಗ್ಲೇ ನನ್ನ ಕೇಳಿದ್ದ, ಯಾವ ಬದಿಗೆ ಕಡಿಮೆ ಅಂತ" ಎಂದುಬಿಟ್ಟ.

ನನಗೆ ನಗು ತಡೆಯಲಾಗಲಿಲ್ಲ. ಮಾಲಕರೂ ನಕ್ಕರು. "ಹಂಗಾರೆ ಜಾಗ ಬದಲ್ಸಿ ಮತ್ತೊಂದು ತಿಂಗಳು" ಎಂದರು. ಇವನು ಬಲಮೂಲೆಗೆ ಅಂಟಿಸಿಕೊಟ್ಟು, ಆ ತಿಂಗಳು ಪೂರ್ತಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಟೆಂಪೋ ಸ್ಟ್ಯಾಂಡಿಗೆ ಬಂದಾಗಲೆಲ್ಲ ಅಂಗಡಿ ಬಿಟ್ಟು ಓಡಿಹೋಗಿ ನೋಡಿ ಬರುತ್ತಿದ್ದ. ಈ ಸಲ ಅವನ ತುಂಡಿನ ಮೇಲೆ ಗೀರುಗಳಿದ್ದವು, ಒಂದೆರಡು ಕಡೆ ಕಲ್ಲು ಕಚ್ಚಿದ ಗುರುತು. ಕಿತ್ತು ನೋಡಿದರೆ ಕೆಳಗಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. ಉಳಿದ ಟೆಂಪೋದ ಮೂತಿಯೆಲ್ಲ ಸಿಡುಬಾದ ಹಾಗಿರುವಾಗ ಅಂಗೈಯಗಲದ ಒಂದು ಚೌಕ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಮೊದಲೇ ಬಲಕ್ಕೆ ಅಂಟಿಸಿದ್ದರೂ ಗೆಲ್ಲುತ್ತಿದ್ದ. ಆದರೆ ಅವನಿಗೆ ತನ್ನ ವಸ್ತುವಿನ ಮೇಲಿದ್ದಷ್ಟು ನಂಬಿಕೆ ಲೋಕದ ಮೇಲಿರಲಿಲ್ಲ.

ಅಷ್ಟರಲ್ಲಿ ಆಷಾಢ ಬಂದಿತ್ತು. ಮೀನುಗಾರಿಕೆ ಬಂದ್, ಮಾಲಕರಿಗೆ ಪುರುಸೊತ್ತು. ಮಳೆಗೆ ಧೂಳು ಕೂತಿತ್ತು. ಆದರೆ ಕೆಲಸಕ್ಕೆ ಜಾಗ ಬೇಕು. ಒಂದು ಕೂದಲು, ಒಂದು ಧೂಳಿನ ಕಣ ಫಿಲ್ಮಿನ ಕೆಳಗೆ ಸೇರಿದರೂ ಅದು ಅಲ್ಲೇ ಉಳಿದುಬಿಡುತ್ತದೆ. ನಮ್ಮ ಅಂಗಡಿಯೋ ಹತ್ತಿಯ ಎಳೆಗಳ ಗೂಡು. ಗೇರುಬೀಜದ ಗೋದಾಮು ನೋಡಿದೆವು, ಸಿಪ್ಪೆಯ ಹುಡಿ. ಐಸ್ ಪ್ಲಾಂಟು ನೋಡಿದೆವು, ಚಳಿಗೆ ಫಿಲ್ಮ್ ಸೆಟೆಯುತ್ತದೆ ಎಂದ. ಕೊನೆಗೆ ಆಯಿಯೇ ದಾರಿ ತೋರಿಸಿದಳು. ಆಷಾಢದಲ್ಲಿ ಮದುವೆ ಇಲ್ಲ, ಅಂಕೋಲೆಯ ಕಲ್ಯಾಣಮಂಟಪ ಖಾಲಿ ಬಿದ್ದಿದೆ, ತೊಳೆದ ಟೈಲ್ಸಿನ ನೆಲ, ಬೋಟು ಹೋಗುವಷ್ಟು ದೊಡ್ಡ ಬಾಗಿಲು.

ಹೀಗೆ ಬಿಳಿ ಕಾರು ಮದುವೆ ಹಾಲಿನೊಳಗೆ ಬಂದು, ವಧೂವರರ ಕುರ್ಚಿ ಇಡುವ ವೇದಿಕೆಯ ಎದುರು ನಿಂತಿತು. ಹಿಂದೆ ಗೋಡೆಯಲ್ಲಿ ಬಣ್ಣದ ಕಾಗದದ ಮಾಲೆ ಹಾಗೇ ಇತ್ತು. ಇವನು ಫ್ಯಾನು ಹಾಕಗೊಡಲಿಲ್ಲ. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ. ನನ್ನನ್ನು ಸಹಾಯಕ್ಕೆ ಕರೆದು, ನನ್ನ ಅಂಗಿಯಲ್ಲಿ ದಾರದ ಎಳೆಗಳಿವೆ ಎಂದು ಬನಿಯನ್ನಿನಲ್ಲಿ ನಿಲ್ಲಿಸಿದ. ಮೊದಲು ತೊಳೆದ. ಆಮೇಲೆ ಜೇಡಿಯಂಥ ಒಂದು ಮುದ್ದೆಯಿಂದ ಇಡೀ ಮೈ ಉಜ್ಜಿ, ಕಣ್ಣಿಗೆ ಕಾಣದ ಅದಿರಿನ ಕಣಗಳನ್ನು ಎತ್ತಿ ತೆಗೆದ. ಆ ಬಿಳಿ ಮುದ್ದೆ ಕೆಂಪಾದದ್ದನ್ನು ನನಗೆ ತೋರಿಸಿ, "ನೋಡು, ಇಷ್ಟು ಗಣಿ ಇತ್ತು ಇದ್ರ ಮೈಮೇಲೆ" ಎಂದ. ಆಮೇಲೆ ಸ್ಪಿರಿಟ್ ಬೆರೆಸಿದ ನೀರಿನಿಂದ ಒರೆಸಿದ.

ಬಾನೆಟ್ಟಿನ ಹಾಳೆಯನ್ನು ನಾವಿಬ್ಬರೂ ಎರಡು ತುದಿ ಹಿಡಿದು ಇಳಿಸಿದೆವು. ಹಿಡಿಯುವ ಮೊದಲು ನನ್ನ ಕೈಗಳನ್ನು ಶಾಂಪೂ ನೀರಿನಲ್ಲಿ ಅದ್ದಿಸಿದ. "ಉಸಿರು ಬಿಡ್ಬೇಡ" ಎಂದ. ನಾನು ನಿಜವಾಗಿಯೂ ಬಿಡಲಿಲ್ಲ. ಹಾಳೆ ನೀರಿನ ಮೇಲೆ ಜಾರಾಡಿತು, ಅವನು ಅದನ್ನು ಸಮಾಧಾನ ಮಾಡುವವನ ಹಾಗೆ ಆಚೀಚೆ ಸರಿಸಿದ, ರಬ್ಬರಿನ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ತಳ್ಳುತ್ತ ಹೋದ. ಬಾಗುಗಳಲ್ಲಿ ಹೇರ್ ಡ್ರೈಯರಿನಿಂದ ಬಿಸಿ ಕೊಟ್ಟು ಎಳೆದು ಕೂರಿಸಿದ. ಅಂಚುಗಳನ್ನು ಬಣ್ಣದ ಮೇಲೆ ಕತ್ತರಿಸದೆ, ಬಾನೆಟ್ ಎತ್ತಿ ಒಳಕ್ಕೆ ಮಡಚಿದ. ಹೊರಗೆ ಅಂಚು ಬಿಟ್ಟರೆ ಅಲ್ಲಿ ಧೂಳು ಸೇರಿ ಗೆರೆ ಮೂಡುತ್ತದೆ, ಗೆರೆ ಮೂಡಿದರೆ ಫಿಲ್ಮ್ ಕಾಣುತ್ತದೆ. ಮಸ್ಕತ್ ಎನ್ನುವ ಶಬ್ದ ಆ ದಿನಗಳಲ್ಲಿ ಅವನ ಬಾಯಿಂದ ಬರಲಿಲ್ಲ.

ಕೆಲಸ ಮುಗಿದ ಮೇಲೆ ಆಯಿ ನೋಡಲು ಬಂದಳು. ಸುತ್ತು ಹಾಕಿ, ಬಗ್ಗಿ ನೋಡಿ, "ಎಲ್ಲಿ ಹಾಕಿದ್ದೀ? ಏನೂ ಕಾಣ್ಸೂದಿಲ್ಲಲ್ಲಾ?" ಎಂದಳು. ಅವನ ಜೀವನದಲ್ಲಿ ಅದಕ್ಕಿಂತ ದೊಡ್ಡ ಸನ್ಮಾನ ಸಿಕ್ಕಿಲ್ಲ. ಪಕ್ಕಕ್ಕೆ ತಿರುಗಿ ಮುಖ ಒರೆಸಿಕೊಂಡ.

ಮಾಲಕರಿಗೆ ಅವನು ಒಂದು ಉದ್ದನೆಯ ಉಪದೇಶ ಮಾಡಿದ. ಬ್ರಶ್ ತಾಗಿಸಬೇಡಿ, ಪೆಟ್ರೋಲ್ ಬಿದ್ದರೆ ಕೂಡಲೇ ಒರೆಸಿ, ಹಕ್ಕಿಯ ಹಿಕ್ಕೆ ಒಣಗಲು ಬಿಡಬೇಡಿ, ಖರ್ಜೂರದ ರಸ ಬೀಳಬಾರದು. ಖರ್ಜೂರದ್ದನ್ನೂ ಹೇಳಿದ. ಮಸ್ಕತ್ತಿನಲ್ಲಿ ಕಲಿತದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅಲ್ಲಿ ಯಾರೂ ಕಾರಿಗೆ ಅರಿಶಿನ ಹಚ್ಚುತ್ತಿರಲಿಲ್ಲ, ಹಾಗಾಗಿ ಅದೊಂದನ್ನು ಹೇಳಲಿಲ್ಲ. ಅವನೂ ಇಲ್ಲಿಯವನೇ, ಅವನ ತಾಯಿಯೂ ಹಬ್ಬಕ್ಕೆ ಹೊಸ್ತಿಲಿಗೆ ಅರಿಶಿನ ಬಳಿದವಳೇ.

ಶ್ರಾವಣದ ನೂಲುಹುಣ್ಣಿಮೆ ಇಲ್ಲಿಯ ಬೋಟಿನವರಿಗೆ ನಾರಳಿ ಪುನವ. ಅವತ್ತು ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು, ಬೋಟಿನ ಪೂಜೆ ಮಾಡಿ, ಮತ್ತೆ ನೀರಿಗಿಳಿಯುತ್ತಾರೆ. ಮಾಲಕರ ಮನೆಯಲ್ಲಿ ಇನ್ನೊಂದು ಪದ್ಧತಿ. ಮನೆಯ ಹಿರಿಯ ಹೆಂಗಸು ಅರಿಶಿನ ಕಲಸಿ, ಬಲಗೈ ಅದ್ದಿ, ಬೋಟಿನ ಮೂತಿಗೆ ಐದು ಬೆರಳೂ ಮೂಡುವಂತೆ ಒತ್ತಬೇಕು. ಗಂಡ ಹೋದ ಮೇಲೆ ಆಯಿಯ ಕೈ ಬೇಡ, ಬೇರೆ ಮುತ್ತೈದೆಯ ಕೈ ಇರಲಿ ಎಂದು ಕೇರಿಯ ಕೆಲವರು ಹೇಳಿದ್ದರಂತೆ. ಆಯಿಯ ಕೈ ಬೀಳದೆ ತನ್ನ ಬೋಟು ನೀರಿಗಿಳಿಯುವುದಿಲ್ಲ ಎಂದು ಮಗ ಹಠ ಹಿಡಿದಿದ್ದರು. ಅಂದಿನಿಂದ ಪ್ರತಿ ವರ್ಷ ಅವಳ ಕೈಯೇ. ಆ ಹುಣ್ಣಿಮೆಗೂ ಆಯಿ ಬೋಟಿನ ಮೂತಿಗೆ ಕೈ ಒತ್ತಿದಳು, ಅಂಗಳಕ್ಕೆ ಬಂದು, ಎಣ್ಣೆ ಬೆರೆಸಿ ಕಲಸಿದ ಅದೇ ಅರಿಶಿನದ ಕೈಯನ್ನು ಬಿಳಿ ಕಾರಿನ ಬಾನೆಟ್ಟಿನ ನಟ್ಟನಡುವೆ ಒತ್ತಿದಳು.

ಬರಿಯ ಬಣ್ಣದ ಮೇಲಾಗಿದ್ದರೆ ಒರೆಸಿದರೆ ಹೋಗುತ್ತಿತ್ತು. ಫಿಲ್ಮ್ ಅರಿಶಿನವನ್ನು ಕುಡಿಯುತ್ತದೆ. ಮರುದಿನ ಮಾಲಕರು ಫೋನು ಮಾಡಿ, ತೊಳೆದರೂ ಹೋಗುತ್ತಿಲ್ಲ ಎಂದರು. ಇವನು ನನ್ನ ಸ್ಕೂಟರಿನ ಹಿಂದೆ ಕೂತು ಬಂದ. ಬಾನೆಟ್ಟಿನ ಮುಂದೆ ಮಂಡಿಯೂರಿ ಕೂತ. ಶಾಂಪೂ, ಸ್ಪಿರಿಟ್, ಏನೇನೋ ಹಾಕಿ ಉಜ್ಜಿದ. ಹಳದಿ ಕೈ ಇನ್ನೂ ಸ್ಪಷ್ಟವಾಯಿತು. ಬೆರಳುಗಳ ಗೆರೆ ಕೂಡ ಕಾಣುತ್ತಿತ್ತು. ಅವನು ಆಯಿಯ ಕಡೆ ತಿರುಗಿ ಹಿರಿಯಳೆಂದೂ ನೋಡದೆ ಕೂಗಿದ.

"ಎಲ್ಲಾ ಹಾಳ್ ಮಾಡ್ಬಿಟ್ಟೆ ಆಯಿ! ಎಷ್ಟು ವರ್ಷ ಕಾದಿದ್ದೆ ಗೊತ್ತದ್ಯಾ ನಿಂಗೆ?"

ಆಯಿ ಅವನಿಗಿಂತ ಗಟ್ಟಿ ದನಿಯ ಮಾರ್ಕೆಟ್ಟಿನ ಹೆಂಗಸು. "ಲಗ್ನದ ಹಾಲಿಗೆ ಹೋಗಿ ಬಂದ ಕಾರಿಗೆ ಅರಿಶಿಣ ಇಲ್ದೆ ಹೆಂಗೆ ಪುತಾ? ಕೂಗಬೇಡ, ಪಾಯಸ ಕುಡ್ದು ಹೋಗು" ಎಂದಳು. ಅವನು ಕುಡಿಯಲಿಲ್ಲ. ನಾನು ಕುಡಿದೆ.

ಬದಲಿಸಲು ರೋಲಿನಲ್ಲಿ ಏನೂ ಉಳಿದಿರಲಿಲ್ಲ. ಒಂದೇ ದಾರಿಯಿತ್ತು. ಅರಿಶಿನಕ್ಕೆ ಬಿಸಿಲು ಆಗದು, ಬಿಸಿಲಿಗಿಟ್ಟರೆ ದಿನದಿನಕ್ಕೆ ಮಾಸಿ ಹೋಗುತ್ತದೆ. ಮಳೆ ಕಡಿಮೆಯಾಗಿ ಬಿಸಿಲು ಬಂದ ಕೂಡಲೇ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಎಂದು ಹೇಳಿ ಬಂದ. ಮಾಲಕರು ನಿಲ್ಲಿಸಿದರು. ಚೌತಿ ಕಳೆದು ಬಿಸಿಲು ಬಿದ್ದು, ಕೈ ತಿಳಿಯಾಗುತ್ತ ಬಂತು. ಇವನು ವಾರಕ್ಕೊಮ್ಮೆ ಹೋಗಿ ನೋಡಿ ಖುಷಿಯಾಗಿ ಬರುತ್ತಿದ್ದ. ದಸರೆಯ ಮೊದಲು ಹೋಗುತ್ತದೆ, ದಸರೆಗೆ ಊರಿಡೀ ಮೆರೆಸೋಣ ಎನ್ನುತ್ತಿದ್ದ.

ದಸರೆಗೆ ಮೊದಲು ಆಯಿ ಹೋದಳು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೂತವಳು ಏಳಲಿಲ್ಲ.

ಸುದ್ದಿ ತಿಳಿದು ನಾವು ಹೋದಾಗ ಅಂಗಳದಲ್ಲಿ ಕಾರಿರಲಿಲ್ಲ. ಬಲೆ ಇಡುವ ಶೆಡ್ಡಿನೊಳಗೆ ತಳ್ಳಿ, ಮೇಲೆ ತಾಡಪತ್ರಿ ಹೊದಿಸಿದ್ದರು. ಬೋಟಿನ ಮೂತಿಯ ಮೇಲಿನ ಕೈಯನ್ನು ಉಪ್ಪುನೀರು ಎಂದೋ ತೊಳೆದಿತ್ತು. ಆಯಿಯ ಕೈ ಉಳಿದದ್ದು ಇಲ್ಲೊಂದೇ, ಅದೂ ಅರ್ಧ ಮಾಸಿದ್ದು. ಅದು ಬಿಸಿಲಿಗೆ ಹೋಗಲಿ ಎಂದು ತಾವೇ ಹೊರಗಿಟ್ಟಿದ್ದು ಮಾಲಕರನ್ನು ತಿನ್ನುತ್ತಿತ್ತು. ಕಾರ್ಯ ಎಲ್ಲ ಮುಗಿದ ಮೇಲೂ ಕಾರು ಶೆಡ್ಡಿನಲ್ಲೇ ಉಳಿಯಿತು. ಹೊತ್ತು ಮುಳುಗಿದ ಮೇಲೆ ಒಮ್ಮೊಮ್ಮೆ ತೆಗೆದು ಬೇಲೆಕೇರಿಯ ತನಕ ಹೋಗಿ ಬರುತ್ತಿದ್ದರಂತೆ. ಓಡಿಸಲೆಂದು ತಂದ ಕಾರನ್ನು ಬಾವಲಿಯ ಹಾಗೆ ಸಾಕಿದರು.

ಇತ್ತ ಇವನು ಅಂಗಡಿಯಲ್ಲಿ ರಿಕ್ಷಾಗಳಿಗೆ ನಂಬರು ಅಂಟಿಸುತ್ತಿದ್ದ. ಯಾರಾದರೂ ಬಂದು ನೀನು ಯಾವುದೋ ಕಾರಿಗೆ ಫಿಲ್ಮ್ ಹಾಕಿದ್ದೀಯಂತಲ್ಲ, ನೋಡಬಹುದೇ ಎಂದರೆ ತೋರಿಸಲು ಏನೂ ಇರಲಿಲ್ಲ. ಸಾಲು ನಿಲ್ಲಬೇಕಾಗಿದ್ದ ಗಿರಾಕಿಗಳು ನಿಲ್ಲಲಿಲ್ಲ. ಮೂಲೆಯಲ್ಲಿ ಖಾಲಿ ಪೈಪು ನಿಂತಿತ್ತು. ಈಗ ಅದಕ್ಕೆ ಯಾರು ಒರಗಿದರೂ ಅವನು ಏನೂ ಹೇಳುತ್ತಿರಲಿಲ್ಲ. ನಾನು ಒಂದು ದಿನ, ಮಾಲಕರಿಗೆ ಹೇಳಿ ನೋಡು, ಅದೊಂದು ಕಲೆ ಹೋಗುವ ತನಕ ಹೊರಗಿಡಲಿ ಎಂದೆ. ಅವನು ನಂಬರ್ ಪ್ಲೇಟಿನ ಅಕ್ಷರವನ್ನು ಒತ್ತಿ ಕೂರಿಸಿದ.

"ಅದು ಕಲೆ ಅಲ್ಲ" ಎಂದ.

ಮುಂದಿನ ವರ್ಷದ ನೂಲುಹುಣ್ಣಿಮೆ ಹತ್ತಿರ ಬರುವಾಗ ಅವನೇ ನನ್ನನ್ನು ಎಬ್ಬಿಸಿಕೊಂಡು ಮಾಲಕರ ಮನೆಗೆ ಹೋದ. ಒಂದು ದೊಡ್ಡ ಗಾಜಿನ ಹಲಗೆ ಹಿಡಿದುಕೊಂಡಿದ್ದ, ಅದರ ಹಿಂಬದಿಗೆ ಬಿಳಿ ಬಣ್ಣ ಬಳಿದಿತ್ತು. ಮಾಲಕರಿಗೆ, "ಬಾನೆಟ್ ನಂಗೆ ಬಿಡಿ. ಕೈಯನ್ನ ನಾ ಹಂಗೇ ಎತ್ತಿಕೊಡ್ತೆ. ಕತ್ತಲೇಲಿ ಇಡೂದಾದ್ರೆ ಅದ್ನ ಇಡಿ, ಕಾರು ಯಾಕೆ?" ಎಂದ.

ಮಾಲಕರಿಗೆ ಭಯ. ಹರಿದರೆ? "ಹರಿದ್ರೆ ನನ್ನ ಕೈ ಕಡೀರಿ" ಎಂದ. ಅವನ ಮಾತು ಯಾವಾಗಲೂ ಹಾಗೇ, ಅಳತೆ ಮೀರಿ.

ಹಾಕುವುದನ್ನು ಅವನು ಕಲಿತಿದ್ದ, ಹರಿಯದ ಹಾಗೆ ತೆಗೆಯುವುದನ್ನು ಯಾವ ಮಸ್ಕತ್ತಿನಲ್ಲೂ ಯಾರೂ ಕಲಿಸಿರಲಿಲ್ಲ. ತೆಗೆದದ್ದು ಕಸಕ್ಕೆ ಹೋಗುವಂಥದ್ದು, ಅಲ್ಲಿ ಜೋಪಾನ ಯಾರಿಗೆ ಬೇಕು? ಎಳೆದರೆ ಫಿಲ್ಮ್ ಹಿಗ್ಗುತ್ತದೆ, ಹಿಗ್ಗಿದರೆ ಆಯಿಯ ಬೆರಳುಗಳು ಬೇರೆ ಯಾರದೋ ಬೆರಳುಗಳಾಗುತ್ತವೆ. ಅವನು ಬೋಟಿನ ಹೆಸರು ಅಂಟಿಸುವಾಗ ಅಕ್ಷರಗಳು ಚೆದುರದಂತೆ ಮೇಲೆ ಹಾಕುವ ಅಂಟುಕಾಗದವನ್ನು ತಂದಿದ್ದ. ಇಷ್ಟು ವರ್ಷ ಮುಖ ಸಿಂಡರಿಸಿಕೊಂಡು ಮಾಡಿದ ಆ ಕೆಲಸದ ಕಾಗದವನ್ನು ಕೈಯ ಗುರುತಿನ ಸುತ್ತ ಬಿಗಿಯಾಗಿ ಒತ್ತಿದ. ಹೇರ್ ಡ್ರೈಯರಿನಿಂದ ಬಿಸಿ ಕೊಡುತ್ತ, ಅಂಚಿನಡಿ ಶಾಂಪೂ ನೀರು ಬಿಡುತ್ತ, ಎಳೆಯದೆ, ಉಗುರಿನಿಂದ ಒಂದೊಂದೇ ಎಳೆ ಅಂಟು ಬಿಡಿಸುತ್ತ ಹೋದ. ನಡುವೆ ಕರೆಂಟು ಹೋಯಿತು. ಬರುವ ತನಕ ಎತ್ತಿದ ಭಾಗವನ್ನು ಎರಡೂ ಅಂಗೈಗಳ ಮೇಲೆ ಹೊತ್ತುಕೊಂಡು ಕದಲದೆ ನಿಂತಿದ್ದ. ಮಾಲಕರು ಅವನ ಹಣೆಯ ಬೆವರು ಒರೆಸಿದರು, ಒಂದು ಹನಿ ಬಿದ್ದರೂ ಕೆಡುತ್ತದೆ ಎಂದು. ಸಂಜೆಯ ಹೊತ್ತಿಗೆ ಕೈ ಗಾಜಿಗೆ ಇಳಿಯಿತು, ಹಾಳೆಯ ಅಂಚುಗಳು ಗಾಜಿನ ಹಿಂದಕ್ಕೆ ಮಡಚಿಕೊಂಡವು.

ಬಾನೆಟ್ ಬರಿದಾಗಿ ಉಳಿಯಿತು. ಅವನ ಆಯುಷ್ಯದ ಒಂದೇ ಒಂದು ಪೂರ್ತಿ ಕೆಲಸವನ್ನು ಅವನೇ ಹಾಳು ಮಾಡಿದ್ದ. ಹುಣ್ಣಿಮೆಗೆ ಕಾರು ಹಗಲಿನಲ್ಲಿ ಹೊರಬಿತ್ತು. ಮಳೆ ನಿಂತು ಲಾರಿಗಳು ಮತ್ತೆ ಓಡತೊಡಗಿದ ಮೇಲೆ ಆವರ್ಸೆಯ ಹತ್ತಿರ ಬಾನೆಟ್ಟಿಗೆ ಕಲ್ಲು ಬಡಿದು ಬಣ್ಣ ಹಾರಿತು. ಮಾಲಕರು ನಮ್ಮ ಅಂಗಡಿಗೇ ತಂದು ತೋರಿಸಿದರು. ಇವನು ಬೆರಳಿನ ಹಿಂಭಾಗದಿಂದ ಆ ಗಾಯವನ್ನು ಮುಟ್ಟಿದ. "ಓಡೂ ಕಾರಿಗೆ ಬಡೀತದೆ" ಎಂದಷ್ಟೇ ಹೇಳಿ ಒಳಗೆ ಹೋದ.

ಕೆಲವು ವರ್ಷಗಳಲ್ಲಿ ಆ ಕಾರನ್ನು ಮಾಲಕರು ಮಾರಿದರು. ನಮ್ಮ ಅಂಗಡಿಯೂ ಬೇರೆಯಾಯಿತು, ಜಗಳವಿಲ್ಲದೆ. ಕಾರವಾರಕ್ಕೆ ಬೇಕಾಗಿದ್ದ ಫಿಲ್ಮ್ ಕೊನೆಗೆ ಬಂದದ್ದು ಮೊಬೈಲಿನ ಗಾಜಿಗೆ. ದಿನಕ್ಕೆಷ್ಟೋ ಜನ ಬಂದು ಫೋನು ಚಾಚುತ್ತಿದ್ದರು. ಒಂದು ಧೂಳಿನ ಕಣ ಕೂತರೂ ಮತ್ತೆ ಕಿತ್ತು ಹೊಸದು ಹಾಕುತ್ತಿದ್ದ, ಬೇಗ ಕೊಡಿ ಎಂದವರನ್ನು ಬಯ್ಯುತ್ತಿದ್ದ. ಮಸ್ಕತ್ತಿನ ಮಾತು ಕಡಿಮೆಯಾಗಿತ್ತು. ಕೊನೆಯವರೆಗೂ ಅದೇ ಕೆಲಸ.

ಅವನ ಬೊಜ್ಜದ ಕ್ರಿಯೆಗಳೆಲ್ಲ ಮುಗಿದ ಮೇಲೆ ನಾನು ಮಾಲಕರ ಮನೆಗೆ ಹೋದೆ, ಸುದ್ದಿ ತಿಳಿಸಲು. ಅವರಿಗೆ ಈಗ ವಯಸ್ಸಾಗಿದೆ, ಬೋಟು ಮಕ್ಕಳು ನೋಡುತ್ತಾರೆ. ಕೇಳಿದವರೇ ಎದ್ದು ನನ್ನನ್ನು ಒಳಗಿನ, ಕಿಟಕಿಯಿಲ್ಲದ ದೇವರ ಕೋಣೆಗೆ ಕರೆದುಕೊಂಡು ಹೋಗಿ ದೀಪ ಹಚ್ಚಿದರು.

ಗೋಡೆಯ ಮೇಲೆ ಆ ಗಾಜು. ಅದರಲ್ಲಿ ತಿಳಿ ಹಳದಿಯ ಒಂದು ಕೈ, ಐದು ಬೆರಳು, ಅಂಗೈಯ ಗೆರೆಗಳು, ಕಿರುಬೆರಳಿನ ಬುಡದಲ್ಲಿ ಮೀನು ಕತ್ತರಿಸುವ ಕತ್ತಿ ತಾಗಿದ ಹಳೆಯ ಗಾಯದ ಅಡ್ಡಗೀರು ಸಹ.

"ಪ್ರತಿ ನಾರಳಿ ಪುನವಕ್ಕೆ ಮೊದ್ಲು ಇದ್ಕೆ ಕೈ ಮುಗೀತೆ. ಆಮೇಲೆ ಬೋಟು" ಎಂದರು.

ನಾನು ಹತ್ತಿರ ಹೋದೆ. ಅವನು ಹಾಕಿದ ಫಿಲ್ಮ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿದೆ. ದೀಪ ಹಿಡಿದು ಓರೆಯಿಂದ ನೋಡಿದೆ. ಬೆರಳಿನ ಹಿಂಭಾಗದಿಂದ ಗಾಜಿನ ನಾಲ್ಕೂ ಬದಿ ಸವರಿದೆ. ಅಂಚು ಸಿಗಲಿಲ್ಲ, ಒಂದು ಗುಳ್ಳೆ ಇಲ್ಲ, ಒಂದು ಗೆರೆ ಇಲ್ಲ. ಬರೀ ಆಯಿಯ ಕೈ ಕಾಣುತ್ತಿತ್ತು. ಆಗ ನನಗೆ ಅಳು ಬಂತು.